ಹೆಪ್ಟನ್‌ಸ್ಟಾಲ್: ವ್ಯಾಪಾರ ಕೆಳಗಿಳಿದು ಹೋದ ಮೇಲೂ ಗುಡ್ಡದ ಮೇಲೆ ಉಳಿದ ನೇಕಾರರ ಹಳ್ಳಿ

ಗುಡ್ಡದಾರಿ:
ಯಾರ್ಕ್‌ಶೈರ್‌ಗೆ ಬರುವ ನಮ್ಮವರು ಎಲ್ಲಿ ಹೋಗಬೇಕು ಅಂತ ಕೇಳಿದಾಗಲೆಲ್ಲ ಯಾರ್ಕ್ ಪಟ್ಟಣ, ವಿಟ್ಬಿ ಸಮುದ್ರ, ಅಷ್ಟರಲ್ಲೇ ಮಾತು ಮುಗಿಯುತ್ತದೆ. ನಾನು ಹ್ಯಾಲಿಫ್ಯಾಕ್ಸ್‌ಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿಂದ ಪಶ್ಚಿಮಕ್ಕೆ ಎಂಟು ಮೈಲಿ ದೂರದಲ್ಲಿ ಒಂದು ಹಳ್ಳಿ ಇದೆ, ಹೆಪ್ಟನ್‌ಸ್ಟಾಲ್. ಅದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯಲಿ ಅಂತ ಕಾಯುತ್ತಿದ್ದೆ, ಯಾರೂ ಬರೆಯಲಿಲ್ಲ, ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ಊರು ಇರುವುದು ಕಡಿದಾದ ಗುಡ್ಡದ ನೆತ್ತಿಯಲ್ಲಿ. ಕೆಳಗೆ ಕಣಿವೆಯಲ್ಲಿ ಹೆಬ್ಡನ್ ಬ್ರಿಡ್ಜ್ ಅನ್ನುವ ಪಟ್ಟಣ, ರೈಲು, ಕಾಲುವೆ, ಅಂಗಡಿ ಎಲ್ಲ ಅಲ್ಲೇ. ಮೇಲೆ ಹೋದರೆ ಕಪ್ಪಗಾದ ಮರಳುಗಲ್ಲಿನ ಮನೆಗಳು, ಕಲ್ಲು ಹಾಸಿದ ಬೀದಿ, ಎರಡು ಪಬ್, ಮತ್ತೆ ಒಂದೇ ಅಂಗಳದಲ್ಲಿ ಎರಡು ಚರ್ಚು. ಸುತ್ತಲಿನ ಸಣ್ಣ ಕೇರಿಗಳೂ ಸೇರಿ 2011ರ ಜನಗಣತಿಯಲ್ಲಿ ಸುಮಾರು ಒಂದೂವರೆ ಸಾವಿರ ಜನ, ಅಷ್ಟೇ.

ಮೊದಲು ನನಗೆ ಅರ್ಥವಾಗದ್ದು ಒಂದೇ. ಕೆಳಗೆ ನೀರಿದೆ, ಸಮತಟ್ಟು ಜಾಗ ಇದೆ, ಆದರೂ ಊರು ಯಾಕೆ ಗಾಳಿ ಹೊಡೆಯುವ ಗುಡ್ಡದ ಮೇಲೆ? ಆಮೇಲೆ ಗೊತ್ತಾಯಿತು, ಆಗ ಕಣಿವೆ ತಳ ಪೂರ್ತಿ ಕಾಡು ಮತ್ತು ಜೌಗು. ಜನ ಇದ್ದದ್ದೂ ಓಡಾಡಿದ್ದೂ ಮೇಲೆಯೇ. ಈಗ ಪೇಟೆ ಅನ್ನಿಸಿಕೊಂಡಿರುವ ಹೆಬ್ಡನ್ ಬ್ರಿಡ್ಜ್ ಆಗ ಬರೀ ಹೊಳೆ ದಾಟುವ ಜಾಗ. ಅಲ್ಲಿನ ಕಲ್ಲಿನ ಸೇತುವೆ ಸುಮಾರು 1510ರದ್ದು, ಇಂದಿಗೂ ಅದರ ಮೇಲೆ ನಡೆಯಬಹುದು. ಸೇತುವೆ ದಾಟಿದವರೆಲ್ಲ ಹತ್ತಿ ಹೋಗುತ್ತಿದ್ದದ್ದು ಹೆಪ್ಟನ್‌ಸ್ಟಾಲ್‌ಗೆ.

ಮೇಲೆ ಭೂಮಿ ಮಾತ್ರ ಬಡವು. ಹುಳಿ ಮಣ್ಣು, ಜಾಸ್ತಿ ಮಳೆ, ಕಡಿಮೆ ಬಿಸಿಲು. ಓಟ್ಸ್ ಬಿಟ್ಟರೆ ಬೇರೆ ಏನೂ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಎರಡು ಹಸು, ಒಂದಿಷ್ಟು ಹೊಲ, ಜೊತೆಗೆ ಒಂದು ಮಗ್ಗ. ಹೊಲದಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಮಗ್ಗದಿಂದ ತುಂಬುತ್ತಿತ್ತು.

ಇದು ನನ್ನ ಊಹೆ ಅಲ್ಲ, ಕಾಯ್ದೆಯಲ್ಲೇ ಬರೆದಿದೆ. ಉಣ್ಣೆಯ ಮಧ್ಯವರ್ತಿಗಳನ್ನು ಸರ್ಕಾರ ನಿಷೇಧಿಸಿತ್ತು. ಹ್ಯಾಲಿಫ್ಯಾಕ್ಸ್ ಸೀಮೆಯವರು ಹಾಗಾದರೆ ನಾವು ಸಾಯುತ್ತೇವೆ ಅಂತ ಮೊರೆ ಇಟ್ಟರು. 1555ರಲ್ಲಿ ಮೇರಿ ರಾಣಿಯ ಪಾರ್ಲಿಮೆಂಟು ಈ ಸೀಮೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಹೆಪ್ಟನ್‌ಸ್ಟಾಲ್ ಆಗ ಹ್ಯಾಲಿಫ್ಯಾಕ್ಸ್ ಪ್ಯಾರಿಷ್‌ಗೇ, ಅಂದರೆ ಅಲ್ಲಿನ ಚರ್ಚಿನ ವ್ಯಾಪ್ತಿಗೇ ಸೇರಿತ್ತು. ಆ ಕಾಯ್ದೆ ಓದಿದರೆ ಹೊಟ್ಟೆ ಚುರ್ ಅನ್ನುತ್ತದೆ. ಇಲ್ಲಿನ ಜನರಿಗೆ ಕುದುರೆ ಸಾಕುವ ಶಕ್ತಿ ಇಲ್ಲ, ಕೆಲವರು ಒಂದು ಸ್ಟೋನ್, ಕೆಲವರು ಎರಡು, ಮೂರು ಸ್ಟೋನ್ ಉಣ್ಣೆ ಕೊಂಡು, ತಲೆ ಮೇಲೆ, ಬೆನ್ನ ಮೇಲೆ ಹೊತ್ತು ಮೂರು, ನಾಲ್ಕು, ಐದು, ಆರು ಮೈಲಿ ನಡೆದು ಮನೆ ಸೇರುತ್ತಾರೆ ಅಂತ ಬರೆದಿದ್ದಾರೆ. ಒಂದು ಸ್ಟೋನ್ ಅಂದರೆ ಆರು ಕೆಜಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಹೊತ್ತು ಆ ಗುಡ್ಡ ಹತ್ತುವುದನ್ನು ನೆನೆಸಿಕೊಳ್ಳಿ.

ಇಷ್ಟು ಸಾಕು ಇವತ್ತಿಗೆ. ಕೇಳುವವರಿದ್ದರೆ ಮುಂದೆ ಬರೆಯುತ್ತೇನೆ.

ಓದುಗಿ:
ಇದು ಸಿಲ್ವಿಯಾ ಪ್ಲಾತ್ ಸಮಾಧಿ ಇರುವ ಊರು ಅಲ್ವಾ? ನಾನು ಕೇಳಿದ್ದು ಅದೊಂದಕ್ಕೇ. ಅಮೆರಿಕದ ಕವಿ ಈ ಗುಡ್ಡದ ಮೇಲೆ ಹೇಗೆ ಬಂದಳು ಅಂತ ಯಾರೂ ಸರಿಯಾಗಿ ಹೇಳಲಿಲ್ಲ.

ಗುಡ್ಡದಾರಿ:
ಹೌದು, ಅದೇ ಊರು. 1963ರ ಫೆಬ್ರವರಿಯಲ್ಲಿ ಲಂಡನ್‌ನಲ್ಲಿ ತೀರಿಕೊಂಡಳು, ಮೂವತ್ತು ವರ್ಷ. ಗಂಡ ಟೆಡ್ ಹ್ಯೂಸ್ ಹುಟ್ಟಿದ್ದು ಇದೇ ಕಣಿವೆಯ ಮೈಥಮ್‌ರಾಯ್ಡ್‌ನಲ್ಲಿ, ಅವನ ಅಪ್ಪ ಅಮ್ಮನ ಮನೆ ಇದ್ದದ್ದು ಹೆಪ್ಟನ್‌ಸ್ಟಾಲ್‌ನಲ್ಲಿ. ಹಾಗಾಗಿ ಇಲ್ಲಿ ಮಣ್ಣು ಮಾಡಿದರು. ಸಮಾಧಿ ಹಳೆಯ ಅಂಗಳದಲ್ಲಿ ಇಲ್ಲ, ಆಚೆ ಇರುವ ಹೊಸ ಸ್ಮಶಾನದಲ್ಲಿ ಇದೆ. ಕಲ್ಲಿನ ಮೇಲಿದ್ದ ಹ್ಯೂಸ್ ಅನ್ನುವ ಹೆಸರನ್ನು ಅವಳ ಅಭಿಮಾನಿಗಳು ಹಲವು ಸಲ ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಜನ ಈಗಲೂ ಪೆನ್ನು ಇಟ್ಟು ಹೋಗುತ್ತಾರೆ. ನಾನೂ ಅಲ್ಲಿ ನಿಂತಿದ್ದೇನೆ, ದುಃಖ ಆಗುತ್ತದೆ. ಆದರೆ ಎಷ್ಟೋ ಜನ ಅಲ್ಲಿಗೆ ಬಂದು, ಫೋಟೋ ತೆಗೆದು, ಊರಿನ ಒಂದು ಕಿಟಕಿಯನ್ನೂ ನೋಡದೆ ಇಳಿದು ಹೋಗುತ್ತಾರೆ. ಅದು ನನಗೆ ಬೇಜಾರು.

ಲಾಳಿ:
ಅಣ್ಣಾ, ನಿಮ್ಮ ಮೊದಲ ಬರಹ ಎರಡು ಸಲ ಓದಿದೆ. ನಾನು ಗುಳೇದಗುಡ್ಡದವಳು, ಖಣ ನೇಯುವ ಮನೆತನ. ಈಗ ಮ್ಯಾಂಚೆಸ್ಟರ್‌ನಲ್ಲಿ ಇದ್ದೇನೆ. ನೀವು ಮಗ್ಗ ಅಂದಿರಿ, ಅಲ್ಲಿಗೇ ಬಿಟ್ಟಿರಿ. ಮಗ್ಗ ಮನೆಯಲ್ಲಿ ಎಲ್ಲಿ ಇಡುತ್ತಿದ್ದರು? ನೂಲುತ್ತಿದ್ದವರು ಯಾರು? ಒಂದು ಥಾನು ಮುಗಿದ ಮೇಲೆ ಅದಕ್ಕೆ ಏನೇನು ಮಾಡುತ್ತಿದ್ದರು? ನಮ್ಮದು ಕುಣಿಮಗ್ಗ. ಅಪ್ಪ ಕುಣಿಯಲ್ಲಿ ಕಾಲು ಬಿಟ್ಟು ಕೂರುತ್ತಿದ್ದರು, ಮೇಲೆ ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಸರಿಯಾಗಿ ಹಾಸಿನ ಮೇಲೇ ಬೀಳುತ್ತಿತ್ತು. ಅದಕ್ಕೇ ಕೇಳುತ್ತಿದ್ದೇನೆ, ಇಷ್ಟು ಮೋಡ ಇರುವ ಊರಲ್ಲಿ ಅವರು ಬೆಳಕಿಗೆ ಏನು ಮಾಡಿದರು?

ಗುಡ್ಡದಾರಿ:
ಲಾಳಿ ಅವರೇ, ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಊರು ನೋಡುವುದಕ್ಕೆ ಬೀಗದಕೈ ಅದೇ.

ಮಗ್ಗ ಇರುತ್ತಿದ್ದದ್ದು ಮಹಡಿ ಮೇಲೆ. ಅದಕ್ಕೇ ಇಲ್ಲಿನ ಹಳೆ ಮನೆಗಳ ಮೇಲಂತಸ್ತಿನಲ್ಲಿ ಕಿಟಕಿಗಳು ಸಾಲಾಗಿ ಇವೆ. ಐದು, ಆರು, ಎಂಟು, ಮಧ್ಯೆ ಬರೀ ಒಂದೊಂದು ಸಣ್ಣ ಕಲ್ಲಿನ ಕಂಬ. ಗೋಡೆಯೇ ಇಲ್ಲವೇನೋ ಅನ್ನುವಷ್ಟು ಕಿಟಕಿ. ನಿಮ್ಮ ಅಪ್ಪನಿಗೆ ಬೆಳಕು ಮೇಲಿಂದ ಬಂತು, ಇವರಿಗೆ ಪಕ್ಕದಿಂದ. ಕೆಳಗಿನ ಅಂತಸ್ತಿಗೆ ಕಿಟಕಿ ಕಡಿಮೆ, ಅಲ್ಲಿ ಅಡುಗೆ, ಒಲೆ. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸಾಕು, ಯಾವ ಮನೆಯಲ್ಲಿ ನೇಯ್ದರು ಅಂತ ಮನೆಯೇ ಹೇಳುತ್ತದೆ.

ಉಣ್ಣೆ ಹಿಂಜುವುದು ಮಕ್ಕಳು, ನೂಲುವುದು ಹೆಂಗಸರು, ನೇಯುವುದು ಹೆಚ್ಚಾಗಿ ಗಂಡಸರು. ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವು ಕೈ ಬೇಕಿತ್ತು, ಮನೆಯವರು ಸಾಲದೆ ಅಕ್ಕಪಕ್ಕದ ಹೆಂಗಸರೂ ನೂತು ಕೊಡುತ್ತಿದ್ದರು. ಉಣ್ಣೆಯ ಜಿಡ್ಡು ತೆಗೆಯಲು ಹುಳಿತ ಮೂತ್ರ ಬಳಸುತ್ತಿದ್ದರು, ಮನೆ ಮನೆಯಿಂದ ಸಂಗ್ರಹಿಸಿ ಇಡುತ್ತಿದ್ದರು. ಓದಲು ಹೇಗೋ ಅನ್ನಿಸಬಹುದು, ಆದರೆ ಅದರಲ್ಲಿರುವ ಅಮೋನಿಯಾ ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ, ಕೈಗೆ ಸಿಗುವ ವಸ್ತು, ದುಡ್ಡು ಬೇಡ.

ನೇಯ್ದ ಬಟ್ಟೆ ಇನ್ನೂ ಬಟ್ಟೆ ಅಲ್ಲ. ಅದನ್ನು ಹೊತ್ತು ಕೆಳಗೆ ಹೊಳೆ ಬದಿಗೆ ಹೋಗಬೇಕು. ಅಲ್ಲಿ ನೀರಿನ ಚಕ್ರದಿಂದ ಏಳುವ ಬೀಳುವ ದೊಡ್ಡ ಮರದ ಸುತ್ತಿಗೆಗಳು. ಅದರ ಕೆಳಗೆ ಒದ್ದೆ ಬಟ್ಟೆಯನ್ನು ಗಂಟೆಗಟ್ಟಲೆ ಕುಟ್ಟುತ್ತಾರೆ, ಎಳೆ ಎಳೆ ಹೊಂದಿಕೊಂಡು ಬಟ್ಟೆ ಕುಗ್ಗಿ ದಪ್ಪ ಆಗುತ್ತದೆ. ಮತ್ತೆ ಒದ್ದೆ ಬಟ್ಟೆ ಹೊತ್ತು ಮೇಲೆ ಬರಬೇಕು, ಈ ಸಲ ಭಾರ ಇನ್ನೂ ಜಾಸ್ತಿ. ಹೊಲದಲ್ಲಿ ಉದ್ದಕ್ಕೆ ಮರದ ಚೌಕಟ್ಟು ನಿಲ್ಲಿಸಿ, ಕೊಕ್ಕೆಗಳಿಗೆ ಸಿಕ್ಕಿಸಿ, ಎಳೆದು ಒಣಗಿಸುತ್ತಿದ್ದರು. ಆ ಚೌಕಟ್ಟಿಗೆ ಟೆಂಟರ್ ಅಂತ ಹೆಸರು. ಗುಡ್ಡದ ಗಾಳಿ ಬೆಳೆಗೆ ಶತ್ರು, ಆದರೆ ಬಟ್ಟೆ ಒಣಗಿಸಲು ಅದೇ ಬೇಕು.

ಇಲ್ಲಿನ ಬಟ್ಟೆಗೆ ಕೆರ್ಸಿ ಅಂತ ಹೆಸರು. ಒರಟು, ಬೆಚ್ಚಗೆ, ಬಾಳಿಕೆ ಬರುವಂಥದ್ದು. ಮಾರಲು ಊರಲ್ಲೇ ಒಂದು ಬಟ್ಟೆ ಚಾವಡಿ ಕಟ್ಟಿದರು, 1545ರಿಂದ 1558ರ ಒಳಗೆ. ಆ ಕಟ್ಟಡ ಈಗಲೂ ಇದೆ, ಈಗ ಅದು ಯಾರದೋ ಮನೆ. ಹ್ಯಾಲಿಫ್ಯಾಕ್ಸ್‌ನಲ್ಲಿ 315 ಕೋಣೆಗಳ ದೊಡ್ಡ ಪೀಸ್ ಹಾಲ್ ತೆರೆದದ್ದು 1779ರಲ್ಲಿ. ಅಂದರೆ ಅದಕ್ಕಿಂತ ಇನ್ನೂರು ವರ್ಷ ಮೊದಲೇ ಈ ಹಳ್ಳಿಗೆ ತನ್ನದೇ ಬಟ್ಟೆ ಮಾರುಕಟ್ಟೆ ಇತ್ತು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಲಾಳಿ:
ಒದ್ದೆ ಬಟ್ಟೆ ಹೊತ್ತು ಗುಡ್ಡ ಹತ್ತುವ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೇಯುವ ಕೆಲಸ ಅಂದರೆ ಜನ ಲಾಳಿ ಓಡುವುದನ್ನು ಮಾತ್ರ ನೋಡುತ್ತಾರೆ. ಅದಕ್ಕಿಂತ ಮೊದಲಿನ ಕೆಲಸ, ಆಮೇಲಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮ್ಮ ಇಡೀ ದಿನ ನೂಲು ಸುತ್ತುತ್ತಿದ್ದರು, ಯಾರೂ ಅವರನ್ನು ನೇಕಾರಳು ಅನ್ನಲಿಲ್ಲ.

ನಾಣ್ಯಪ್ರಿಯ:
ಕಿಂಗ್ ಡೇವಿಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಖೋಟಾ ನಾಣ್ಯ ಮಾಡಿ ಬಡವರಿಗೆ ಬದುಕು ಕೊಟ್ಟ ಮನುಷ್ಯ, ಸಮಾಧಿ ಅಲ್ಲೇ ಇದೆ. ನನ್ನ ಪ್ರಕಾರ ಅವನು ಆ ಸೀಮೆಯ ರಾಬಿನ್ ಹುಡ್.

ಗುಡ್ಡದಾರಿ:
ಡೇವಿಡ್ ಹಾರ್ಟ್ಲಿ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ, ಆದರೆ ಕಥೆ ಪೂರ್ತಿ ಹೇಳಬೇಕು.

ಅವನು ಹೆಪ್ಟನ್‌ಸ್ಟಾಲ್‌ನವನಲ್ಲ. ಕಣಿವೆ ಆಚೆ ಕ್ರ್ಯಾಗ್ ವೇಲ್ ಮೇಲಿನ ಬೆಲ್ ಹೌಸ್ ಅನ್ನುವ ಒಂಟಿ ಮನೆಯವನು. 1760ರ ದಶಕದಲ್ಲಿ ಒಳ್ಳೆಯ ನಾಣ್ಯದ ಅಭಾವ ಇತ್ತು. ಸರ್ಕಾರ ಸಾಕಷ್ಟು ಟಂಕಿಸುತ್ತಿರಲಿಲ್ಲ, ಪೋರ್ಚುಗಲ್ಲಿನ ಚಿನ್ನದ ನಾಣ್ಯಗಳೂ ಇಲ್ಲಿ ಓಡುತ್ತಿದ್ದವು. ಇವರು ಗಿನಿ ಅನ್ನುವ ಇಂಗ್ಲೆಂಡಿನ ಚಿನ್ನದ ನಾಣ್ಯದ ಅಂಚು ಕತ್ತರಿಸಿ, ಅರದಿಂದ ಉಜ್ಜಿ, ಮತ್ತೆ ಅಂಚಿಗೆ ಗೆರೆ ಹಾಕಿ ಚಲಾವಣೆಗೆ ಬಿಡುತ್ತಿದ್ದರು. ತೆಗೆದ ಚಿನ್ನದ ಪುಡಿಯನ್ನು ಕರಗಿಸಿ ಪೋರ್ಚುಗಲ್ ನಾಣ್ಯದ ಅಚ್ಚು ಹೊಡೆಯುತ್ತಿದ್ದರು. ನೇಕಾರರು, ಪಬ್ ನಡೆಸುವವರು, ವ್ಯಾಪಾರಿಗಳು ಎಲ್ಲ ಅದರಲ್ಲಿ ಸೇರಿದ್ದರು. ಬಟ್ಟೆ ವ್ಯಾಪಾರ ಬಿದ್ದಿತ್ತು, ಕೊಟ್ಟ ನಾಣ್ಯಕ್ಕೆ ಸ್ವಲ್ಪ ಜಾಸ್ತಿ ಸಿಗುತ್ತದೆ ಅಂದರೆ ಯಾರು ಬೇಡ ಅಂತಾರೆ? ಅಲ್ಲಿವರೆಗೆ ನನಗೂ ಅವರ ಕಷ್ಟ ಅರ್ಥವಾಗುತ್ತದೆ.

ಆದರೆ ವಿಲಿಯಂ ಡೈಟನ್ ಅನ್ನುವ ಅಬಕಾರಿ ಅಧಿಕಾರಿ ಬೆನ್ನು ಹತ್ತಿ ಹಾರ್ಟ್ಲಿಯನ್ನು ಹಿಡಿಸಿದ. 1769ರ ನವೆಂಬರ್‌ನಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದಾಗ ಡೈಟನ್‌ನನ್ನು ಗುಂಡಿಟ್ಟು ಕೊಂದರು. ಅವನಿಗೂ ಹೆಂಡತಿ ಮಕ್ಕಳಿದ್ದರು. ಹಾರ್ಟ್ಲಿ ಆಗ ಜೈಲಿನಲ್ಲಿದ್ದ, ಅವನ ಕಡೆಯವರು ಮಾಡಿಸಿದ್ದು. 1770ರ ಏಪ್ರಿಲ್ 28ರಂದು ಯಾರ್ಕ್‌ನಲ್ಲಿ ಅವನಿಗೆ ಗಲ್ಲು ಆಯಿತು, ಹೆಣವನ್ನು ತಂದು ಹೆಪ್ಟನ್‌ಸ್ಟಾಲ್‌ನ ಹಳೆ ಚರ್ಚಿನ ಅಂಗಳದಲ್ಲಿ ಹೂಳಿದರು. ಈಗ ಬಂದವರು ಕಲ್ಲಿನ ಮೇಲೆ ನಾಣ್ಯ ಇಟ್ಟು ಹೋಗುತ್ತಾರೆ. ನಾನು ಇಡುವುದಿಲ್ಲ.

ನಾಣ್ಯಪ್ರಿಯ:
ಡೈಟನ್ ಸಂಸಾರದ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತು. ಅಷ್ಟು ಜನ ಅವನನ್ನು ರಾಜ ಅಂತ ಕರೆದರು ಅಂದರೆ, ನಿಜವಾದ ರಾಜ ಅವರಿಗೆ ಏನೂ ಕೊಟ್ಟಿರಲಿಲ್ಲ ಅಂತ ತಾನೇ ಅರ್ಥ? ಅಷ್ಟು ಒಪ್ಪಿಕೊಳ್ಳಿ.

ಗುಡ್ಡದಾರಿ:
ಅಷ್ಟು ಒಪ್ಪುತ್ತೇನೆ.

ಕಡಲಕರೆ:
ಎರಡು ಚರ್ಚು ಅಂದಿರಲ್ಲ, ಒಂದೇ ಅಂಗಳದಲ್ಲಿ ಎರಡು ಯಾಕೆ? ಮತ್ತೆ ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಈ ಊರು ಸುಟ್ಟಿತ್ತು ಅಂತ ಎಲ್ಲೋ ಓದಿದ ನೆನಪು.

ಗುಡ್ಡದಾರಿ:
ಮೊದಲು ಯುದ್ಧ. 1643ರಲ್ಲಿ ಹ್ಯಾಲಿಫ್ಯಾಕ್ಸ್ ರಾಜನ ಕಡೆಯವರ ಕೈಯಲ್ಲಿತ್ತು, ಹೆಪ್ಟನ್‌ಸ್ಟಾಲ್‌ನಲ್ಲಿ ಪಾರ್ಲಿಮೆಂಟ್ ಕಡೆಯವರು ಬೀಡುಬಿಟ್ಟಿದ್ದರು. ನವೆಂಬರ್ 1ರಂದು ರಾಜನ ಸೈನ್ಯ ಮಳೆಯಲ್ಲೇ ಬಂತು. ಕೆಳಗಿನ ಸೇತುವೆಯಿಂದ ಊರಿಗೆ ನೆಟ್ಟಗೆ ಹತ್ತುವ ಬಟ್ರೆಸ್ ಅನ್ನುವ ಕಲ್ಲುದಾರಿ ಇದೆ. ಅವರು ಅದನ್ನು ಹತ್ತುತ್ತಿರುವಾಗ ಮೇಲಿಂದ ದೊಡ್ಡ ದೊಡ್ಡ ಬಂಡೆ ಉರುಳಿಸಿದರು. ಹಿಂದೆ ಓಡಿದವರಿಗೆ ಉಕ್ಕಿದ ಹೊಳೆ, ಎಷ್ಟೋ ಜನ ಅದರಲ್ಲೇ ಮುಳುಗಿದರು. ಆದರೆ ಜನವರಿಯಲ್ಲಿ ಇನ್ನೂ ದೊಡ್ಡ ಸೈನ್ಯ ಬಂದಾಗ ಪಾರ್ಲಿಮೆಂಟ್ ಕಡೆಯವರು ಊರು ಬಿಟ್ಟು ಹೋದರು. ಉಳಿದ ಮನೆಗಳಿಗೆ ಬೆಂಕಿ ಬಿತ್ತು. ಗೆದ್ದದ್ದು ಸೈನಿಕರು, ಸುಟ್ಟದ್ದು ನೇಕಾರರ ಮನೆ.

ಚರ್ಚಿನ ವಿಷಯ. ಹಳೆಯದು ಸಂತ ಥಾಮಸ್ ಬೆಕೆಟ್ ಹೆಸರಿನದು, 13ನೇ ಶತಮಾನದ ಮಧ್ಯದಲ್ಲಿ ಶುರುವಾದದ್ದು. 1847ರ ಬಿರುಗಾಳಿಯಲ್ಲಿ ತುಂಬಾ ಹಾನಿಯಾಯಿತು. ಸ್ವಲ್ಪ ರಿಪೇರಿ ಮಾಡಿದರು, ಆದರೆ ಪಕ್ಕದಲ್ಲೇ ಹೊಸದು ಕಟ್ಟಲು ನಿರ್ಧರಿಸಿದರು. 1854ರಲ್ಲಿ ಅದು ಮುಗಿಯಿತು. ಹಳೆಯದನ್ನು ಕೆಡವಲಿಲ್ಲ. ಈಗ ಅದಕ್ಕೆ ಮಾಡು ಇಲ್ಲ, ಕಂಬಗಳ ಮಧ್ಯೆ ಆಕಾಶ. ನೆಲಕ್ಕೆಲ್ಲ ಸಮಾಧಿ ಕಲ್ಲುಗಳೇ ಹಾಸು, ಕಾಲಿಡಲು ಬೇರೆ ಜಾಗವೇ ಇಲ್ಲ. ಮೊದಲ ಸಲ ಯಾರದೋ ಹೆಸರಿನ ಮೇಲೆ ಕಾಲಿಡಲು ನನಗೆ ಆಗಲಿಲ್ಲ, ಬದಿ ಬದಿಗೆ ಹೆಜ್ಜೆ ಇಡುತ್ತಾ ಹೋದೆ.

ಮೂರನೆಯದೂ ಒಂದಿದೆ. ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಥದವರ ಎಂಟು ಮೂಲೆಯ ಪ್ರಾರ್ಥನಾ ಮಂದಿರ, 1764ರದ್ದು. ಆ ಪಂಥ ಶುರು ಮಾಡಿದ ಜಾನ್ ವೆಸ್ಲಿ ಸ್ವತಃ ಬಂದು ಬೋಧನೆ ಮಾಡಿದ ಜಾಗ. ಆಮೇಲೆ ಜನ ಜಾಸ್ತಿಯಾಗಿ 1802ರಲ್ಲಿ ಉದ್ದ ಮಾಡಿದರು, ಹಾಗಾಗಿ ಈಗ ಎಳೆದ ಎಂಟು ಮೂಲೆ. ಎರಡು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ, ಜಗತ್ತಿನಲ್ಲೇ ಹೀಗೆ ನಿರಂತರವಾಗಿ ನಡೆದು ಬಂದ ಅತಿ ಹಳೆಯ ಮೆಥಡಿಸ್ಟ್ ಮಂದಿರಗಳಲ್ಲಿ ಇದೂ ಒಂದು.

ಮೈಸೂರ್ ಪಾದಚಾರಿ:
ಕಾರ್ ನಿಲ್ಲಿಸಲು ಜಾಗ ಇದೆಯಾ? ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಗುಡ್ಡದಾರಿ:
ಕಾರ್ ಬೇಡ, ಬೀದಿ ಕಿರಿದು. ಮ್ಯಾಂಚೆಸ್ಟರ್ ಅಥವಾ ಲೀಡ್ಸ್‌ನಿಂದ ರೈಲಿನಲ್ಲಿ ಹೆಬ್ಡನ್ ಬ್ರಿಡ್ಜ್‌ಗೆ ಬನ್ನಿ. ಮಕ್ಕಳಿದ್ದರೆ ಬಸ್ಸಿನಲ್ಲಿ ಮೇಲೆ ಹೋಗಿ, ಇಳಿಯುವಾಗ ನಡೆಯಿರಿ. ಮಳೆ ಬಂದ ದಿನ ಬಟ್ರೆಸ್ ದಾರಿಯಲ್ಲಿ ಇಳಿಯಬೇಡಿ. ಕಲ್ಲು ಸವೆದು ನುಣುಪಾಗಿದೆ, ನಾನು ಜಾರಿ ಬಿದ್ದು ಮಣಿಕಟ್ಟು ಮೂರು ವಾರ ಊದಿಕೊಂಡಿತ್ತು. ಗುಡ್ ಫ್ರೈಡೇ ದಿನ ಬಂದರೆ ಮಕ್ಕಳಿಗೆ ಖುಷಿ. ಅಂದು ಊರ ಚೌಕದಲ್ಲಿ ಪೇಸ್ ಎಗ್ ಅನ್ನುವ ಬಯಲಾಟ ಆಡುತ್ತಾರೆ. ಸಂತ ಜಾರ್ಜ್, ಬೋಲ್ಡ್ ಸ್ಲ್ಯಾಷರ್, ಸತ್ತವನನ್ನು ಎಬ್ಬಿಸುವ ಡಾಕ್ಟರ್, ಟಾಸ್ ಪಾಟ್ ಅನ್ನುವ ಕೋಡಂಗಿ. ಕತ್ತಿ ಕಾಳಗ, ಪ್ರಾಸದ ಮಾತು, ಜನ ಸುತ್ತಲೂ ನಿಂತು ಕೂಗುತ್ತಾರೆ.

ಕಡಲಕರೆ:
ಇನ್ನೊಂದು ಪ್ರಶ್ನೆ. ಅಷ್ಟು ದೊಡ್ಡ ವ್ಯಾಪಾರ ಇದ್ದ ಊರು ಈಗ ಒಂದೂವರೆ ಸಾವಿರ ಜನಕ್ಕೆ ಇಳಿದದ್ದು ಹೇಗೆ?

ಗುಡ್ಡದಾರಿ:
ನಾನು ಹೇಳಬೇಕು ಅಂತ ಇದ್ದದ್ದು ಇದೇ.

ಮೊದಲು ನೀರಿನ ಗಿರಣಿ ಬಂತು. ಹೊಳೆ ಇರುವುದು ಕೆಳಗೆ, ಹಾಗಾಗಿ ಗಿರಣಿಯೂ ಕೆಳಗೆ. ಹತ್ತಿರದ ಹಾರ್ಡ್‌ಕ್ಯಾಸಲ್ ಕ್ರ್ಯಾಗ್ಸ್ ಕಾಡಿನಲ್ಲಿ ಗಿಬ್ಸನ್ ಮಿಲ್ ಅಂತ ಸುಮಾರು 1800ರ ಹತ್ತಿ ಗಿರಣಿ ಈಗಲೂ ನಿಂತಿದೆ, ಹೋಗಿ ನೋಡಿ. 1804ರಲ್ಲಿ ರಾಚ್‌ಡೇಲ್ ಕಾಲುವೆ ಪೂರ್ತಿ ತೆರೆಯಿತು, ದೋಣಿಯಲ್ಲಿ ಕಲ್ಲಿದ್ದಲು ಬಂತು, ಉಗಿ ಯಂತ್ರ ಬಂತು. 1841ರಲ್ಲಿ ಮ್ಯಾಂಚೆಸ್ಟರ್‌ನಿಂದ ಲೀಡ್ಸ್‌ಗೆ ರೈಲು ಪೂರ್ತಿಯಾಯಿತು. ಎಲ್ಲವೂ ಕಣಿವೆ ತಳದಲ್ಲಿ. ಹೆಗಲ ಮೇಲೆ ಕುದುರೆ ಮೇಲೆ ಹೊತ್ತು ಗುಡ್ಡದ ದಾರಿಯಲ್ಲಿ ಹೋಗುವ ಕಾಲ ಮುಗಿಯಿತು. ಹೆಬ್ಡನ್ ಬ್ರಿಡ್ಜ್ ಉಣ್ಣೆ ಬಿಟ್ಟು ಫಸ್ಟಿಯನ್ ಅನ್ನುವ ದಪ್ಪ ಹತ್ತಿ ಬಟ್ಟೆಗೆ ಹೆಸರಾಯಿತು. ಕೆಲಸಗಾರರ ಪ್ಯಾಂಟಿನ ಬಟ್ಟೆ. ಜಾಗ ಸಾಲದೆ ಅಲ್ಲಿ ಮನೆ ಮೇಲೆ ಮನೆ ಕಟ್ಟಿದರು, ಕೆಳಗಿನ ಮನೆಗೆ ಕೆಳಗಿನ ಬೀದಿಯಿಂದ ಬಾಗಿಲು, ಮೇಲಿನ ಮನೆಗೆ ಗುಡ್ಡದ ಕಡೆಯ ಬೀದಿಯಿಂದ ಬಾಗಿಲು.

ಮೇಲಿನ ಹಳ್ಳಿಗೆ ದುಡ್ಡು ಬರುವುದು ನಿಂತಿತು. ದುಡ್ಡಿದ್ದರೆ ಆ ಕಿಟಕಿ ಸಾಲುಗಳನ್ನು ಕಿತ್ತು ಹೊಸ ಮನೆ ಕಟ್ಟುತ್ತಿದ್ದರು. ಹಳೆ ಬಟ್ಟೆ ಚಾವಡಿ ಉಳಿಯುತ್ತಿರಲಿಲ್ಲ. ಜನ ಅಲ್ಲಿ ಹೋಗಿ ಎಷ್ಟು ಚೆಂದ ಕಾಪಾಡಿದ್ದಾರೆ ಅಂತಾರೆ. ಬಹಳ ಕಾಲ ಯಾರೂ ಕಾಪಾಡಲಿಲ್ಲ, ಕೆಡವಲು ದುಡ್ಡಿರಲಿಲ್ಲ ಅಷ್ಟೇ. ಕೈಮಗ್ಗದವರು ಎಷ್ಟೋ ವರ್ಷ ಕಡಿಮೆ ಕೂಲಿಗೆ ನೇಯುತ್ತಲೇ ಇದ್ದರು, ಕೊನೆಗೆ ಮಕ್ಕಳನ್ನು ಕೆಳಗಿನ ಗಿರಣಿಗೆ ಕಳಿಸಿದರು. ಆ ಊರಿನ ಚೆಂದ ನೋಡುವಾಗ ಇದನ್ನು ಮರೆಯಬಾರದು ಅನ್ನುವುದು ನನ್ನ ಮಾತು.

ಕಡಲಕರೆ:
ಹತ್ತಿ ಅಂದಾಗ ಇದನ್ನು ಸೇರಿಸುತ್ತೇನೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಆಗ ಮ್ಯಾಂಚೆಸ್ಟರ್‌ನವರ ಕಣ್ಣು ಬಿದ್ದದ್ದು ನಮ್ಮ ಧಾರವಾಡದ ಹತ್ತಿ ಮೇಲೆ. ಅದನ್ನು ಸಾಗಿಸಲು ಕಾರವಾರ ಸದಾಶಿವಗಡದ ಬಳಿ ಬಂದರು ಬೇಕು, ಘಟ್ಟದಲ್ಲಿ ರಸ್ತೆ ಬೇಕು ಅಂತ ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿ ವ್ಯಾಪಾರವೂ ಒಂದು ಕಾರಣ. ನಾನು ಕಾರವಾರದವನು, ಈ ಕಥೆ ಕೇಳುತ್ತಲೇ ಬೆಳೆದೆ. ಆದರೆ ಆ ಕಡೆಯ ತುದಿ ಹೇಗಿತ್ತು ಅಂತ ಇವತ್ತು ಕಣ್ಣಿಗೆ ಕಟ್ಟಿತು.

ಲಾಳಿ:
ಶನಿವಾರ ಹೋಗಿ ಬಂದೆ ಅಣ್ಣಾ. ನೀವು ಹೇಳಿದ ಹಾಗೆ ಬಟ್ರೆಸ್ ಹತ್ತಿದೆ, ಮೂರು ಸಲ ನಿಂತೆ. ಬೆನ್ನಿಗೆ ಚೀಲದಲ್ಲಿ ನೀರು, ಊಟ, ಅಷ್ಟೇ ಇತ್ತು.

ಹಳೆ ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಬೀದಿಯಲ್ಲಿ ತಲೆ ಎತ್ತಿಕೊಂಡೇ ನಡೆದೆ. ಒಂದು ಮನೆಯ ಮಹಡಿ ಕಿಟಕಿ ಎಣಿಸಿದೆ, ಸಾಲಿಗೆ ಆರು. ಒಳಗೆ ಯಾರೋ ಗಿಡದ ಕುಂಡ ಇಟ್ಟಿದ್ದಾರೆ. ಅಲ್ಲಿಂದಲೇ ಗುಳೇದಗುಡ್ಡಕ್ಕೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಮಗ್ಗ ಬಿಟ್ಟು ಹನ್ನೊಂದು ವರ್ಷ ಆಯಿತು, ಕಣ್ಣು ಮಂಜು. ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಬೆಳಕ ಯಾವ ಕಡಿಂದ ಬರತೈತಿ?" ಅಂತ ಕೇಳಿದರು. ನಾನು ಸೂರ್ಯ ನೋಡಿ, ದಕ್ಷಿಣದಿಂದ ಅಪ್ಪಾ ಅಂದೆ. "ಹಂಗಾರ ಮಧ್ಯಾಹ್ನತನಕ ಛಲೋ ನೇಯಬಹುದಿತ್ತು" ಅಂದರು. ಆಮೇಲೆ ಕೆರ್ಸಿ ಬಟ್ಟೆ ಇಂಚಿಗೆ ಎಷ್ಟು ಎಳೆ ಅಂತ ಕೇಳಿದರು. ಅದು ನನಗೆ ಗೊತ್ತಿಲ್ಲ. ಅಲ್ಲಿನ ಮ್ಯೂಸಿಯಂ ಅವತ್ತು ಮುಚ್ಚಿತ್ತು, ಅದು ತೆರೆದಿರುವ ದಿನ ನೋಡಿಕೊಂಡು ಮತ್ತೆ ಹೋಗುತ್ತೇನೆ.